ಕಾಲಗತಿಯೂ ಪಶ್ಚಾತ್ತಾಪವೂ

1955ನೆಯ ಇಸವಿ ಮಾರ್ಚಿ ತಿಂಗಳು 15ರಂದು ಮಿಕೇಲೆ ಬೆಸ್ಸೊ ಎಂಬ ವೃದ್ಧ ಎಂಜಿನಿಯರು ಜಿನೀವಾ ನಗರದಲ್ಲಿ ತೀರಿಕೊಂಡರು. ಆಲ್ಬರ್ಟ್ ಐನ್‌ಸ್ಟೈನರಿಗೆ ಇವರು ಜೂರಿಕ್ಕಿನ ವಿದ್ಯಾರ್ಥಿದೆಸೆಯಿಂದ ಗೆಳೆಯರು. ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡಿದವರು. 1905ರ ಸಾಪೇಕ್ಷತಾ ಪ್ರಬಂಧದ ಕೊನೆಯಲ್ಲಿ ಕೃತಜ್ಞತೆಯಿಂದ ಸ್ಮರಿಸಲ್ಪಟ್ಟವರು ಇವರೊಬ್ಬರೇ. ಮರಣವಾರ್ತೆಯನ್ನು ಕೇಳಿ ಐನ್‌ಸ್ಟೈನರು ಆ ತಿಂಗಳು 21ರಂದು ಬೆಸ್ಸೊ ಅವರ ಮನೆಯವರಿಗೆ ಬರೆದ ಸಾಂತ್ವನಪತ್ರ ಈಗ ಲೋಕಪ್ರಸಿದ್ಧವಾಗಿದೆ. ಗೆಳೆಯನು ತಮಗಿಂತ ತುಸು ಮುಂಚೆ ಹೊರಟುಹೋದುದು ದೊಡ್ಡ ಸಂಗತಿಯಲ್ಲ. ಭೂತ ವರ್ತಮಾನ ಭವಿಷ್ಯತ್ತುಗಳೆಂಬ ಭೇದ, ಭೌತಶಾಸ್ತ್ರದಲ್ಲಿ ಶ್ರದ್ಧೆಯುಳ್ಳವರಿಗೆ, ಬಿಡಿಸಿದರೂ ಬಿಡದ ಒಂದು ಭ್ರಾಂತಿ ಮಾತ್ರ, ಎಂಬುದು ಅದರ ತಾತ್ಪರ್ಯ. ಇದನ್ನು ಬರೆದವರು ಏಪ್ರಿಲ್ 18ರಂದು ತಾವೂ ಕಾಲವಶರಾದರು.

ಅದೇ ಪತ್ರದಲ್ಲಿ ಇನ್ನೊಂದು ಮಾತುಂಟು. ಅದನ್ನು ಉದಾಹರಿಸುವವರು ಕಡಿಮೆ. ಬೆಸ್ಸೊ ಅವರಲ್ಲಿ ತಾವು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚಿದುದು, ಒಬ್ಬಳೇ ಹೆಂಡತಿಯೊಡನೆ ಅಷ್ಟು ದೀರ್ಘಕಾಲ ಅವರು ಸಾಮರಸ್ಯದಿಂದ ಬಾಳಿದುದನ್ನು. ಆ ಕಾರ್ಯದಲ್ಲಿ ತಾವಾದರೋ ಎರಡು ಸಲ, ಅದೂ ನಾಚುವಂತೆ, ಸೋತುದಾಗಿ ಅವರು ಒಪ್ಪಿಕೊಂಡಿದ್ದಾರೆ. ಒಂದೇ ಕಾಗದದಲ್ಲಿ ಒಂದೇ ಕೈ ಬರೆದ ಮಾತುಗಳಿವು. ಹಿಂದು ಮುಂದೆಂಬುದು ಭ್ರಾಂತಿಯಾದರೆ ಈ ನಾಚಿಕೆ ಯಾವುದರದು? ನಾಚಿಕೆ ನಿಜವಾದರೆ ಆ ಸಾಂತ್ವನ ಎಂತಹುದು? ಪ್ರಶ್ನೆ ಐನ್‌ಸ್ಟೈನರೊಬ್ಬರದಲ್ಲ. ಆಡಬಾರದ ಮಾತನ್ನಾಡಿ ಇರುಳೆಲ್ಲ ನಿದ್ದೆಗೆಟ್ಟವರೆಲ್ಲರದೂ ಹೌದು.

ಕಾಲಕ್ಕೆ ದಿಕ್ಕುಂಟೆಂಬುದನ್ನು ಅಡಿಗೆಮನೆಯಲ್ಲಿರುವವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಮೊಸರನ್ನು ಮರಳಿ ಹಾಲು ಮಾಡಿದ ಗೃಹಿಣಿಯನ್ನು ಯಾರೂ ಕಂಡಿಲ್ಲ. ವಿಚಿತ್ರವೇನೆಂದರೆ, ಇಷ್ಟು ಸ್ಪಷ್ಟವಾದ ಈ ಭೇದಕ್ಕೆ ಪ್ರಕೃತಿಯ ಮೂಲನಿಯಮಗಳಲ್ಲಿ ಆಧಾರವೇ ದೊರೆಯುವುದಿಲ್ಲ. ಗ್ರಹಗಳು ಸೂರ್ಯನನ್ನು ಸುತ್ತುವ ಚಲಚ್ಚಿತ್ರವೊಂದನ್ನು ಹಿಂದುಮುಂದಾಗಿ ಓಡಿಸಿದರೆ ನ್ಯೂಟನ್ನನ ನಿಯಮಗಳಿಗೆ ಅದರಿಂದ ಯಾವ ಭಂಗವೂ ಇಲ್ಲ. ಮೊಸರಿನ ಕಣಗಳೂ ಅಂಥ ನಿಯಮಗಳಿಗೇ ಅಧೀನವಷ್ಟೆ? ಹಾಗಾದರೆ ಅದು ಏಕೆ ಹಿಂದಿರುಗದು?

ವಿಯೆನ್ನಾದ ಲುಡ್ವಿಗ್ ಬೋಲ್ಟ್ಸ್‌ಮನ್ನರು 1872ರಲ್ಲಿ ಇದಕ್ಕೆ ಗಣಿತದಿಂದ ಉತ್ತರ ಹೇಳಿದೆನೆಂದು ನಂಬಿದ್ದರು. ಅವರ ಹಿರಿಯ ಮಿತ್ರರಾದ ಲೋಷ್ಮಿಟ್ಟರು 1876ರಲ್ಲಿ ಒಂದು ತೊಡಕನ್ನು ಮುಂದಿಟ್ಟರು: ಎಲ್ಲ ಕಣಗಳ ವೇಗವನ್ನೂ ಒಮ್ಮೆಗೇ ತಿರುಗಿಸಿದರೆ ಅನಿಲವು ಬಂದ ದಾರಿಯಲ್ಲೇ ಹಿಂದಿರುಗಬೇಕಲ್ಲವೆ? ಮರುವರ್ಷ ಬೋಲ್ಟ್ಸ್‌ಮನ್ನರು ಕೊಟ್ಟ ಸಮಾಧಾನ ಎಣಿಕೆಯದು. ಕೆಳಗೆ ಕರಿಯ ಎಳ್ಳು, ಮೇಲೆ ಬಿಳಿಯ ಎಳ್ಳು ಸುರಿದ ಡಬ್ಬಿಯನ್ನು ಅಲುಗಿಸಿ ನೋಡಿ. ಬೆರೆತಿರುವ ಬಗೆಗಳು ಲೆಕ್ಕಕ್ಕೆ ಮೀರಿದುವು. ಬೇರೆಬೇರೆಯಾಗಿರುವ ಬಗೆಗಳು ಅತ್ಯಲ್ಪ. ಬೇರ್ಪಡುವುದು ನಿಷಿದ್ಧವಲ್ಲ, ಅದರ ಸರದಿ ಬರುವುದಿಲ್ಲ, ಅಷ್ಟೆ. ಉತ್ತರ ಸೊಗಸಾಗಿದೆ. ಆದರೆ ಇದೇ ಎಣಿಕೆಯನ್ನು ಹಿಂದಿನ ಕಾಲಕ್ಕೆ ಹೂಡಿದರೆ ನಿನ್ನೆಯೂ ಎಳ್ಳು ಬೆರೆತೇ ಇರಬೇಕಾಗಿತ್ತು! ಯಾರೋ ಮೊದಲು ಬೇರೆಬೇರೆಯಾಗಿ ಸುರಿದಿದ್ದರೆಂದು ಒಪ್ಪಿದ ಹೊರತು ಲೆಕ್ಕ ಮುಗಿಯದು. ಎಂದರೆ ದಿಕ್ಕು ಅಲುಗಾಟದ ನಿಯಮದಿಂದ ಬಂದುದಲ್ಲ, ಆರಂಭದಿಂದ ಬಂದುದು.

1920ರ ದಶಕದಲ್ಲಿ ಕ್ವಾಂಟಮ್ ಸಿದ್ಧಾಂತವು ಹುಟ್ಟಿತು. ಕಾಲದ ದಿಕ್ಕನ್ನು ನಿಯಮದಲ್ಲಿಯೇ ಕಾಣುವ ಆಸೆಗೆ ಇದು ಹೊಸ ಎಡೆ ಕೊಟ್ಟಿತು. 1926ರ ಶ್ರೋಡಿಂಗರ್ ಸಮೀಕರಣವೇನೋ ಹಳೆಯ ನಿಯಮಗಳಂತೆಯೇ ಹಿಂದಕ್ಕೂ ಮುಂದಕ್ಕೂ ಸಮನಾಗಿ ನಡೆಯತಕ್ಕದ್ದು. ಅದನ್ನು ತಿರುಗಿಸುವ ವಿಧಾನವನ್ನು 1932ರಲ್ಲಿ ವಿಗ್ನರರು ವಿಶದಪಡಿಸಿದರು. ಆದರೆ ಅದೇ ವರ್ಷ ಫಾನ್ ನಾಯ್ಮನ್ನರು ತಮ್ಮ ಗ್ರಂಥದಲ್ಲಿ ಎರಡು ಬಗೆಯ ನಡೆಗಳನ್ನು ಬೇರ್ಪಡಿಸಿ ತೋರಿಸಿದರು. ಕಣವನ್ನು ಅದರ ಪಾಡಿಗೆ ಬಿಟ್ಟಿರುವಾಗ ಒಂದು ನಡೆ. ಅದನ್ನು ಅಳೆದಾಗ ಇನ್ನೊಂದು. ಅಳೆಯುವ ಮುನ್ನ ಹಲವು ಸಂಭವಗಳು ಒಟ್ಟಿಗೆ ಇರುತ್ತವೆ. ಅಳೆದೊಡನೆ ಒಂದು ಉಳಿದು ಮಿಕ್ಕುವು ಇಲ್ಲವಾಗುತ್ತವೆ. ಈ ಎರಡನೆಯ ನಡೆ ಹಿಂದಿರುಗದು. ಸಂಭವವು ಸಿದ್ಧವಾಗುವ ಈ ಕ್ಷಣವೇ ಕಾಲದ ನಿಜವಾದ ಹೆಜ್ಜೆ ಎಂದು ಎಷ್ಟೋ ಜನ ಹಿಗ್ಗಿದರು. ನನಗೂ ಒಂದು ಕಾಲದಲ್ಲಿ ಹಾಗೆಯೇ ತೋರಿತ್ತು; ಮನುಷ್ಯನ ಸಂಕಲ್ಪಕ್ಕೂ ಹೊಣೆಗೂ ಇಲ್ಲೊಂದು ನೆಲೆ ದೊರಕಿತೆಂದು ಭಾವಿಸಿದ್ದೆನು.

1964ರಲ್ಲಿ ಅಹರೊನೊವ್, ಬರ್ಗ್‌ಮನ್, ಲೆಬೊವಿಟ್ಸ್ ಎಂಬ ಮೂವರು ಈ ಹಿಗ್ಗನ್ನು ತಗ್ಗಿಸಿದರು. ಒಂದು ಕಣವನ್ನು ಮೊದಲೊಮ್ಮೆ ಅಳೆದು, ಕೊನೆಗೊಮ್ಮೆ ಅಳೆದು, ಎರಡು ಫಲಗಳನ್ನೂ ಹಿಡಿದುಕೊಂಡು ನಡುವಣ ಅಳತೆಯ ಸಂಭಾವ್ಯತೆಯನ್ನು ಕೇಳಿದರೆ, ಮೊದಲು ಕೊನೆಗಳನ್ನು ಅದಲುಬದಲು ಮಾಡಿದರೂ ಉತ್ತರ ಒಂದೇ ಆಗಿರುತ್ತದೆ. ದಿಕ್ಕಿದ್ದುದು ಪ್ರಶ್ನೆ ಕೇಳುವ ನಮ್ಮ ಅಭ್ಯಾಸದಲ್ಲಿ: ನಾವು ಯಾವಾಗಲೂ ಆದಿಯನ್ನು ಸ್ಥಿರಪಡಿಸಿಕೊಂಡು ಅಂತ್ಯವನ್ನು ಕೇಳುತ್ತೇವೆ.

ಪೆನ್ರೋಸರು 1989ರ ತಮ್ಮ ಗ್ರಂಥದಲ್ಲಿ ಇದಕ್ಕೆದುರಾಗಿ ಒಂದು ದೃಷ್ಟಾಂತ ಕೊಟ್ಟರು. ಒಂದು ದೀಪ, ಅದರ ಮುಂದೆ, ಅರ್ಧ ಬೆಳಕನ್ನು ಒಳಗೆ ಬಿಟ್ಟು ಅರ್ಧವನ್ನು ಗೋಡೆಯ ಕಡೆಗೆ ತಿರುಗಿಸುವ ಕನ್ನಡಿ, ಅದರಾಚೆ ಬೆಳಕಿನ ಕಣವನ್ನು ಗುರುತಿಸುವ ಯಂತ್ರ. ದೀಪ ಹೊರಸೂಸಿದ ಕಣ ಯಂತ್ರವನ್ನು ಮುಟ್ಟುವ ಸಂಭವ ಅರ್ಧ. ಈಗ ತಿರುವಿ ಕೇಳೋಣ: ಯಂತ್ರವನ್ನು ಮುಟ್ಟಿದ ಕಣ ಎಲ್ಲಿಂದ ಬಂದಿತು? ನಿಯಮವನ್ನು ಹಿಂದಕ್ಕೆ ಓಡಿಸಿದರೆ ಅರ್ಧ ಸಂಭವ ದೀಪದಿಂದ, ಅರ್ಧ ಸಂಭವ ಗೋಡೆಯಿಂದ ಎನ್ನಬೇಕು. ಗೋಡೆಯಿಂದ ಬೆಳಕು ಬರುವುದೆಂದರೆ ಮಕ್ಕಳೂ ನಕ್ಕಾರು. ಆದಕಾರಣ ನಿಯಮಕ್ಕೇ ದಿಕ್ಕಿದೆ ಎಂದು ಪೆನ್ರೋಸರ ವಾದ. ನನಗೆ ಈ ವಾದ ಒಪ್ಪಿಗೆಯಾಗಿಲ್ಲ. ಗೋಡೆಯು ಬೆಳಕನ್ನು ಸೂಸದಿರುವುದು ಅದು ತಣ್ಣಗಿರುವುದರಿಂದ. ದೀಪದಷ್ಟೇ ಕಾದಿದ್ದರೆ ಅದೂ ಸೂಸುತ್ತಿತ್ತು. ಒಂದೆಡೆ ಉರಿಯುವ ದೀಪವೂ ಇನ್ನೊಂದೆಡೆ ತಣ್ಣನೆಯ ಗೋಡೆಯೂ ಇರುವಂಥ ಲೋಕ ನಮ್ಮದು. ಏಕೆ ಹಾಗೆ ಎಂದರೆ ಎಳ್ಳಿನ ಡಬ್ಬಿಯ ಮೊದಲ ಸುರಿವಿಗೇ ಹೋಗಬೇಕು. ಈ ವಿಶ್ವ ಸುಮಾರು 1380 ಕೋಟಿ ವರ್ಷಗಳ ಹಿಂದೆ ಅತ್ಯಂತ ವಿರಳವಾದೊಂದು ವ್ಯವಸ್ಥೆಯಲ್ಲಿ ತೊಡಗಿತು. ನಮ್ಮ ಎಲ್ಲ ಹಿಂದುಮುಂದುಗಳೂ ಆ ವ್ಯವಸ್ಥೆಯ ಸಾಲವನ್ನುಣ್ಣುತ್ತಿವೆ.

ಚರ್ಚೆ ಮುಗಿದಿದೆಯೆಂದು ನಾನು ಹೇಳುವುದಿಲ್ಲ. ಅಳತೆಯಲ್ಲಾಗುವ ಕುಸಿತವು ಪ್ರಕೃತಿಯ ಸ್ವಂತ ಕ್ರಿಯೆಯೇ ಎಂದು 1986ರಲ್ಲಿ ಗಿರಾರ್ದಿ, ರಿಮಿನಿ, ವೇಬರ್ ಅವರು ಸಮೀಕರಣವನ್ನೇ ತಿದ್ದಿ ನೋಡಿದರು. ಅವರು ಹೇಳಿದುದು ನಿಜವಾದರೆ ನಿಯಮಕ್ಕೆ ದಿಕ್ಕಿದೆ. ಕೆಲವು ಅಲ್ಪಾಯುಷಿ ಕಣಗಳ ಪರಿವರ್ತನೆಯಲ್ಲಿ ಹಿಂದು ಮುಂದುಗಳಿಗೆ ತುಸು ವ್ಯತ್ಯಾಸವಿರುವುದು 1998ರಲ್ಲಿಯೂ 2012ರಲ್ಲಿಯೂ ಪ್ರಯೋಗಗಳಿಂದ ಕಂಡುಬಂದಿದೆ. ಆದರೆ ಮೊಸರಿಗೂ ಆ ಕಣಗಳಿಗೂ ಸಂಬಂಧವಿಲ್ಲ.

ಅಳತೆಯೆಂದರೆ ನಿಜವಾಗಿ ಏನಾಗುತ್ತದೆ? ಡೀಟರ್ ಟ್ಸೇ ಅವರು 1970ರಲ್ಲಿ ತೊಡಗಿಸಿದ ವಿಚಾರದ ಪ್ರಕಾರ, ಕಣದ ಸ್ಥಿತಿಯ ಗುರುತು ಸುತ್ತಣ ಗಾಳಿ, ಬೆಳಕು, ಯಂತ್ರಗಳ ಅಸಂಖ್ಯ ಕಣಗಳಲ್ಲಿ ಹರಡಿಕೊಳ್ಳುತ್ತದೆ. ಹರಡಿದುದನ್ನು ಮರಳಿ ಕೂಡಿಸುವುದನ್ನು ನಿಯಮ ಬೇಡವೆನ್ನದು. ಕೂಡಿಸುವ ಕೈ ಮಾತ್ರ ಇಲ್ಲ. ಗುರುತು ಹರಡದಿದ್ದಾಗ ಏನಾಗುವುದೆಂಬುದನ್ನು ಅರ್ವಿನ್ ಹಾನ್ ಅವರು 1950ರಲ್ಲಿ ತೋರಿಸಿದ್ದರು. ಕಾಂತಕ್ಷೇತ್ರದಲ್ಲಿ ಪರಮಾಣುಬೀಜಗಳನ್ನು ಒಂದೇ ಸಾಲಿಗೆ ತಂದು ಬಿಟ್ಟರೆ ಅವು ಒಂದೊಂದು ಒಂದೊಂದು ವೇಗದಲ್ಲಿ ತಿರುಗಿ ಚೆದರುತ್ತವೆ. ಸಾಲು ಅಳಿದುಹೋದಂತೆಯೇ ಕಾಣುತ್ತದೆ. ಆಗ ರೇಡಿಯೋ ಅಲೆಯ ಒಂದು ಪೆಟ್ಟು ಕೊಟ್ಟು ಕಾದರೆ, ಅಷ್ಟೇ ಹೊತ್ತಿನ ತರುವಾಯ ಸಾಲು ತಾನಾಗಿ ಮರಳಿ ಕೂಡುತ್ತದೆ. ಓಟದ ಪಂದ್ಯದಲ್ಲಿ ವೇಗಿಗಳು ಮುಂದೆ, ನಿಧಾನಿಗಳು ಹಿಂದೆ ಚೆದರಿರುವಾಗ ಸೀಟಿ ಊದಿ ಎಲ್ಲರನ್ನೂ ಹಿಂದಿರುಗಿಸಿದರೆ, ಅವರವರ ವೇಗದಲ್ಲೇ ಓಡಿ ಎಲ್ಲರೂ ಒಟ್ಟಿಗೆ ಹೊರಟ ಗೆರೆಯನ್ನು ಮುಟ್ಟುವರಷ್ಟೆ, ಹಾಗೆ. ಆಸ್ಪತ್ರೆಗಳಲ್ಲಿ ಕಾಂತದಿಂದ ಮೈಯೊಳಗಿನ ಚಿತ್ರ ತೆಗೆಯುವ ಯಂತ್ರ ಇಂದು ಈ ಉಪಾಯವನ್ನು ನಿತ್ಯವೂ ಬಳಸುತ್ತದೆ. ಆದರೆ ಓಟಗಾರರು ನಡುವೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಿದ್ದರೆ, ದಾರಿಯಲ್ಲಿ ಸಿಕ್ಕವರೊಡನೆ ಬೆರೆತಿದ್ದರೆ, ಸೀಟಿಯಿಂದ ಪ್ರಯೋಜನವಿಲ್ಲ.

ನಮ್ಮ ನೈಯಾಯಿಕರು ಅಭಾವವನ್ನು ವಿಭಾಗಿಸುವಾಗ ಒಂದು ಸೂಕ್ಷ್ಮವನ್ನು ಹೇಳಿದ್ದಾರೆ. ಗಡಿಗೆ ಹುಟ್ಟುವ ಮುನ್ನ ಅದು ಇಲ್ಲದಿರುವುದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಗಡಿಗೆ ಹುಟ್ಟಿದಾಗ ಅಂತ್ಯವುಂಟು. ಗಡಿಗೆ ಒಡೆದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ; ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ನಮ್ಮವರು ಎಲ್ಲವನ್ನೂ ಮೊದಲೇ ಕಂಡಿದ್ದರೆನ್ನುವ ಚಾಪಲ್ಯ ನನಗಿಲ್ಲ. ಅವರಿಗೆ ಕ್ವಾಂಟಮ್ ಗೊತ್ತಿರಲಿಲ್ಲ. ಆದರೂ ಎರಡು ಇಲ್ಲದಿರುವಿಕೆಗಳು ಒಂದೇ ಅಲ್ಲವೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಪಶ್ಚಾತ್ತಾಪಪಡುವವನಿಗೂ ಇದು ಗೊತ್ತು. ನಾಳೆ ಆಡದಿರಬಹುದಾದ ಮಾತು ಬೇರೆ, ನಿನ್ನೆ ಆಡಿದ ಮಾತು ಬೇರೆ. ಮಾತು ಇನ್ನೂ ಒಬ್ಬರ ಕಿವಿಯಲ್ಲಿರುವಾಗ ಓಡಿಹೋಗಿ ತಪ್ಪಾಯಿತೆಂದರೆ ಸಾಲು ಮರಳಿ ಕೂಡಿದರೂ ಕೂಡೀತು. ಅದು ವರ್ಷಗಳ ನಡೆನುಡಿಯಲ್ಲಿ, ಮಕ್ಕಳ ಮನಸ್ಸಿನಲ್ಲಿ ಹರಡಿದ ಮೇಲೆ ಸೀಟಿ ಊದುವವರಾರು? ಉಪಮಾನವನ್ನು ಎಲ್ಲೆಮೀರಿ ಎಳೆಯಬಾರದು, ನಿಜ. ಆದರೆ ಪಶ್ಚಾತ್ತಾಪವು ಭ್ರಾಂತಿಯಲ್ಲವೆಂಬುದಕ್ಕೆ ಇಷ್ಟು ಸಾಕೆಂದು ನನಗೆ ತೋರುತ್ತದೆ. ಮೂಲನಿಯಮಕ್ಕೆ ದಿಕ್ಕಿಲ್ಲದಿರಬಹುದು; ಗುರುತುಗಳಿಗೆ ದಿಕ್ಕಿದೆ, ಮನುಷ್ಯರು ಬಾಳುವುದು ಗುರುತುಗಳ ನಡುವೆ.

ಐನ್‌ಸ್ಟೈನರ ಸಾಂತ್ವನವನ್ನೂ ಹಾಗೆಯೇ ತಳ್ಳಿಹಾಕಲಾಗದು. ಆದುದೆಲ್ಲವೂ ಇದ್ದೇ ಇದೆಯೆಂದಾದರೆ ಬೆಸ್ಸೊ ಬಾಳಿದ ಬಾಳೂ ಇದ್ದೇ ಇದೆ, ಮರಣ ಅದನ್ನು ಅಳಿಸಿಲ್ಲ. ಆದರೆ ಈ ಲೆಕ್ಕದಲ್ಲಿ ಅರ್ಧವನ್ನು ಮಾತ್ರ ತೆಗೆದುಕೊಳ್ಳುವಂತಿಲ್ಲ. ಗೆಳೆಯನ ಸಾಮರಸ್ಯ ಶಾಶ್ವತವಾದರೆ ತಮ್ಮ ಸೋಲೂ ಅಷ್ಟೇ ಶಾಶ್ವತ. 1914ರಲ್ಲಿ, ತಮ್ಮೊಡನೆ ಒಂದೇ ಮನೆಯಲ್ಲಿರಬೇಕಾದರೆ ಮೊದಲ ಹೆಂಡತಿ ಮಿಲೇವಾ ಪಾಲಿಸಬೇಕಾದ ಷರತ್ತುಗಳನ್ನು ಅವರು ಪಟ್ಟಿಮಾಡಿ ಬರೆದುಕೊಟ್ಟಿದ್ದರು. ತಮ್ಮಿಂದ ಆತ್ಮೀಯತೆಯನ್ನು ನಿರೀಕ್ಷಿಸಬಾರದು, ಹೇಳಿದೊಡನೆ ಮಾತು ನಿಲ್ಲಿಸಬೇಕು ಎಂಬಂಥವು. ಆ ಬರಹ ಉಳಿದುಕೊಂಡು, ಇಬ್ಬರೂ ತೀರಿಹೋದ ದಶಕಗಳ ಮೇಲೆ ಅಚ್ಚಾಗಿ, ಇಂದು ಯಾರು ಬೇಕಾದರೂ ಓದುವಂತಿದೆ.

1919ರಲ್ಲಿ ಆ ವಿವಾಹ ಮುರಿದು, ಅದೇ ವರ್ಷ ಎಲ್ಸಾ ಎಂಬವರೊಡನೆ ಎರಡನೆಯದು ನಡೆಯಿತು. ಎಲ್ಸಾ 1936ರಲ್ಲಿ ತೀರಿಕೊಂಡರು. ಮಿಲೇವಾ 1948ರಲ್ಲಿ, ಜೂರಿಕ್ಕಿನಲ್ಲಿ. ನಾಚುವಂತೆ ಸೋತೆನೆಂಬ ಮಾತು ಬರೆದುದು 1955ರಲ್ಲಿ. ಅದು ತಲಪಿದುದು ಬೆಸ್ಸೊ ಅವರ ಮನೆಗೆ.