ಇಂದಿನ ಧಮ್ಮ ಚಿಂತನೆ: ಹಿತ್ತಾಳೆ ಪಿನ್ನು



ಹೊನ್ನಾವರದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಭಟ್ಕಳದಿಂದ ಕುಮಟಾದವರೆಗಿನ ಬೋಟಿನವರು ಪ್ರೊಪೆಲ್ಲರ್ ಶಾಫ್ಟ್ ರಿಪೇರಿಗೆ ತರುವುದು ಆಗಲೇ. ಇರುವುದು ಒಂದೇ ಹಳೆ ಲೇತ್.

ಕಳೆದ ಜುಲೈ ಕೊನೆಯ ವಾರ ಕೆಲಸ ಕಲಿಯುವ ಹುಡುಗ ಶಾಫ್ಟಿಗೆ ಥ್ರೆಡ್ ಹಾಕುತ್ತಿದ್ದ. ಲಿವರ್ ಎತ್ತುವುದು ಒಂದು ಕ್ಷಣ ತಡವಾಯಿತು. ಕ್ಯಾರೇಜ್ ಹೋಗಿ ಚಕ್‌ಗೆ ಬಡಿಯಿತು. ಗೇರಿನ ಎರಡು ಹಲ್ಲು ಮುರಿದುಬಿದ್ದವು. ನಾನು ಗಿರಾಕಿಗಳ ಎದುರೇ ಕೂಗಿದೆ: "ನಿನ್ನಂಥವರ ಕೈಗೆ ಮಷಿನ್ ಕೊಟ್ಟರೆ ಇಷ್ಟೇ!"

ಹುಡುಗ ತಲೆ ತಗ್ಗಿಸಿ ಮನೆಗೆ ಹೋದ.

ರಾತ್ರಿ ಒಬ್ಬನೇ ಕೂತು ಮಷಿನ್ ಬಿಚ್ಚಿದೆ. ಲೀಡ್ ಸ್ಕ್ರೂ ಜೋಡಣೆಯಲ್ಲಿ ಒಂದು ಹಿತ್ತಾಳೆ ಪಿನ್ನು ಇರುತ್ತದೆ. ಹೊಡೆತ ಬಿದ್ದರೆ ಮೊದಲು ಅದು ತುಂಡಾಗಬೇಕು, ಗೇರು ಉಳಿಯಬೇಕು. ಅದಕ್ಕಾಗಿಯೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅಲ್ಲಿ ಪಿನ್ನಿರಲಿಲ್ಲ, ಗಟ್ಟಿ ಉಕ್ಕಿನ ಬೋಲ್ಟ್ ಇತ್ತು. ಎರಡು ವರ್ಷದ ಹಿಂದೆ ಅವಸರದಲ್ಲಿ ಹಾಕಿದವನು ನಾನೇ.

ಇದಿದ್ದರೆ ಅದಾಗುತ್ತದೆ ಎಂಬ ಪಟಿಚ್ಚಸಮುಪ್ಪಾದವನ್ನು ಭಾನುವಾರದ ವರ್ಗದಲ್ಲಿ ನಾನೇ ವಿವರಿಸಿದವನು. ಹುಡುಗನ ತಪ್ಪು ಒಂದು ಕ್ಷಣದ್ದು, ನನ್ನದು ಎರಡು ವರ್ಷದ್ದು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ನನ್ನ ಮಾತು. ನಾನು ಕೆಲಸ ಕಲಿಯುವಾಗ ಅದೇ ಮಾತನ್ನು ಜಾತಿ ಹಿಡಿದು ನನಗೆ ಅಂದಿದ್ದರು. ಜಾತಿ ಎಂಬುದು ಬರೀ ಶ್ರಮದ ವಿಭಜನೆಯಲ್ಲ, ಶ್ರಮಿಕರ ವಿಭಜನೆಯೂ ಹೌದು ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ದೀಕ್ಷೆ ಪಡೆದ ಮೇಲೂ ಆ ಗೋಡೆಯ ಒಂದು ಕಲ್ಲು ನನ್ನ ನಾಲಿಗೆಯ ಮೇಲೆ ಉಳಿದಿತ್ತು.

ಭಗವಾನರಿಗೆ ಕೊನೆಯ ಊಟ ಬಡಿಸಿದ ಚುಂದ ಕೂಡ ಲೋಹದ ಕೆಲಸದವನು. ಊಟದ ನಂತರ ಭಗವಾನರಿಗೆ ಕಾಯಿಲೆ ಉಲ್ಬಣಿಸಿತು. ಆ ನೋವಿನಲ್ಲೂ ಅವರು ಆನಂದನಿಗೆ ಹೇಳಿದ್ದು, ಚುಂದನ ಮನಸ್ಸಿನಲ್ಲಿ ಪಶ್ಚಾತ್ತಾಪ ಉಳಿಯದಂತೆ ನೋಡಿಕೊ ಎಂದು. ಮಹಾಪರಿನಿಬ್ಬಾಣ ಸುತ್ತದಲ್ಲಿ ಇದಿದೆ. ನನಗಾದದ್ದು ಎರಡು ಹಲ್ಲಿನ ನಷ್ಟ ಮಾತ್ರ.

ಬೆಳಿಗ್ಗೆ ಹುಡುಗನ ಮನೆಗೆ ಹೋದೆ. "ತಮ್ಮಾ, ತಪ್ಪು ನನ್ನದೂ ಇತ್ತು. ಹಾಗೆ ಅನ್ನಬಾರದಿತ್ತು. ಬಾ, ಇಬ್ಬರೂ ಸರಿಮಾಡುವ" ಎಂದೆ. ಅವನು, "ಲಿವರ್ ನಾನೂ ನೋಡಬೇಕಿತ್ತು ಅಣ್ಣ" ಎಂದ.

ಹಳೆ ಗೇರು ಎಲ್ಲೂ ಸಿಗಲಿಲ್ಲ. ಎರಕದ ಕಬ್ಬಿಣ ಬೇರೆ, ಅವಸರದ ಬೆಂಕಿಗೆ ಬಿರುಕು ಬಿಡುತ್ತದೆ. ಇಡೀ ಗೇರನ್ನು ಮೆಲ್ಲಗೆ ಕಾಯಿಸಿದೆವು. ಮುರಿದ ಜಾಗಕ್ಕೆ ಹಿತ್ತಾಳೆ ತುಂಬಿದೆವು. ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಟ್ಟೆವು. ಮರುದಿನ ಪಕ್ಕದ ಹಲ್ಲಿನ ಅಚ್ಚನ್ನು ತಗಡಿನಲ್ಲಿ ಕತ್ತರಿಸಿಕೊಂಡು, ಹುಡುಗನೇ ಅರದಿಂದ ಎರಡೂ ಹಲ್ಲು ತಿದ್ದಿದ. ಬೋಲ್ಟ್ ತೆಗೆದು ಹಿತ್ತಾಳೆ ಪಿನ್ನು ಹಾಕಿದ್ದು ನಾನು.

ಬಂಧುಗಳೇ, ಸಿಟ್ಟು ಬಂದಾಗ ಮೊದಲು ಮುರಿಯಬೇಕಾದದ್ದು ನಮ್ಮ ಅಹಂಕಾರ. ಅದನ್ನು ಉಕ್ಕು ಮಾಡಿಕೊಂಡರೆ ಮುರಿಯುವುದು ಎದುರಿಗಿರುವ ಮನುಷ್ಯ. ಇಂದು ನಮ್ಮ ಮಾತಿನಿಂದ ತಲೆ ತಗ್ಗಿಸಿದವರು ಯಾರಾದರೂ ಇದ್ದರೆ, ಸಂಜೆಯೊಳಗೆ ಅವರ ಮನೆ ಬಾಗಿಲಿಗೆ ಹೋಗೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.