ಟ್ರಂಕಿನ ತಳದ ಪತ್ರಿಕೆ

ಹುಕ್ಕೇರಿಯ ತವರುಮನೆಯನ್ನು ರಿಪೇರಿಗೆ ಕೊಡುವ ಮುನ್ನ ಅಟ್ಟದ ಸಾಮಾನು ಇಳಿಸುತ್ತಿದ್ದೆವು. ತಮ್ಮನ ಕಾಲೇಜು ದಿನಗಳ ಟ್ರಂಕಿನ ತಳದಲ್ಲಿ, ಹಾಸಿದ ಹಳೆಯ ಪೇಪರಿನ ಕೆಳಗೆ, ಒಂದು ‘ಡೆಬೊನೇರ್’ ಸಿಕ್ಕಿತು. 1973ರಲ್ಲಿ ಮುಂಬಯಿಯಲ್ಲಿ ಶುರುವಾದ ಗಂಡಸರ ಇಂಗ್ಲಿಷ್ ಮಾಸಪತ್ರಿಕೆ. ಅಮೆರಿಕದ ‘ಪ್ಲೇಬಾಯ್’ ಅದಕ್ಕೆ ಮಾದರಿ. ನಡುಪುಟದಲ್ಲಿ ಏನಿರುತ್ತಿತ್ತೆಂದು ಹೇಳಬೇಕಾಗಿಲ್ಲ.

ಗೋಕಾಕದಿಂದ ಬಂದಿದ್ದ ತಮ್ಮ, ಈಗ ಮೊಮ್ಮಕ್ಕಳನ್ನು ಕಂಡವನು, ಕಿವಿಯವರೆಗೂ ಕೆಂಪಾದ. “ಅದರಾಗ ಛಲೋ ಲೇಖನ ಬರ್ತಿದ್ದುವು ಅಕ್ಕಾ” ಎಂದ. ನನಗೆ ನಗು ಬಂತು. ಆದರೆ ಅವನ ಮಾತು ಪೂರ್ತಿ ಸುಳ್ಳಲ್ಲ. ವಿನೋದ್ ಮೆಹ್ತಾರಂಥವರು ಅದರ ಸಂಪಾದಕರಾಗಿದ್ದರು. ಕವಿತೆಯ ಪುಟವನ್ನು ಕೆಲಕಾಲ ನೋಡಿಕೊಂಡವರು ಕವಯಿತ್ರಿ ಇಮ್ತಿಯಾಜ್ ಧಾರ್ಕರ್. ಒಳ್ಳೆಯ ಕವಿತೆಯೂ ಬಟ್ಟೆಯಿಲ್ಲದ ಹೆಣ್ಣೂ ಒಂದೇ ಪಿನ್ನಿನಲ್ಲಿ! ಕವಿತೆಯಿಂದ ಚಿತ್ರ ಶುದ್ಧವಾಯಿತೇ? ಚಿತ್ರದಿಂದ ಕವಿತೆ ಮೈಲಿಗೆಯಾಯಿತೇ?

ಬಚ್ಚಲ ಒಲೆಗೆ ಹಾಕಲೆಂದು ಎತ್ತಿಕೊಂಡವಳು ಆ ಹುಡುಗಿಯ ಮುಖ ನೋಡಿ ತಡೆದೆ. ಈಗ ಅವಳಿಗೂ ನನ್ನಷ್ಟೇ ವಯಸ್ಸಾಗಿರಬೇಕು. ಮನಸಾರೆ ಒಪ್ಪಿ ನಿಂತಿದ್ದಳೋ, ಮನೆಬಾಡಿಗೆಗಾಗಿಯೋ?

ಮರ್ಲಿನ್ ಮನ್ರೋಳ ಕತೆ ನೆನಪಾಯಿತು. 1949ರಲ್ಲಿ, ಕೈಯಲ್ಲಿ ಕಾಸಿಲ್ಲದಾಗ, ಆಕೆ 50 ಡಾಲರಿಗೆ ಒಂದು ಚಿತ್ರಕ್ಕೆ ನಿಂತಳು. ಅದು ಕ್ಯಾಲೆಂಡರಿನವರ ಪಾಲಾಯಿತು. 1953ರಲ್ಲಿ ಹ್ಯೂ ಹೆಫ್ನರ್ ಅದನ್ನು 500 ಡಾಲರಿಗೆ ಅವರಿಂದ ಕೊಂಡು ‘ಪ್ಲೇಬಾಯ್’ ಮೊದಲ ಸಂಚಿಕೆಯಲ್ಲಿ ಅಚ್ಚುಹಾಕಿದ. ಅವಳನ್ನು ಕೇಳಲಿಲ್ಲ, ಒಂದು ಕಾಸೂ ಕೊಡಲಿಲ್ಲ. 1962ರಲ್ಲಿ ಅವಳು ಸತ್ತಳು. 1992ರಲ್ಲಿ ಅವಳ ಸಮಾಧಿಯ ಪಕ್ಕದ ಜಾಗವನ್ನೂ ಕೊಂಡಿಟ್ಟು, 2017ರಲ್ಲಿ ಅಲ್ಲೇ ಮಲಗಿದ. ಸತ್ತವಳನ್ನಂತೂ ಯಾರು ಕೇಳುತ್ತಾರೆ?

ಛೀ ಎನ್ನುವುದು ಸುಲಭ. ಆದರೆ ಆ ಪತ್ರಿಕೆ ಟ್ರಂಕು ಸೇರಿದ ಕಾಲದಲ್ಲೇ, ಇದೇ ಪಡಸಾಲೆಯಲ್ಲಿ, ಮೂಡಲಗಿಯಿಂದ ಬಂದ ಗಂಡಿನ ಕಡೆಯವರ ಮುಂದೆ ನನ್ನನ್ನು ಚಾಪೆಯ ಮೇಲೆ ಕೂಡಿಸಿದ್ದರು. ಎಬ್ಬಿಸಿ ನಡೆಸಿದರು. ಜಡೆ ಹಿಡಿದು ನೋಡಿದರು. ಬಣ್ಣ ಕಡಿಮೆಯೆಂದು ನನ್ನೆದುರೇ ಮಾತಾಡಿದರು. ಅವಲಕ್ಕಿ ತಿಂದು, ಚಹಾ ಕುಡಿದು ಹೋಗಿ, ಒಲ್ಲೆವೆಂದು ಹೇಳಿಕಳಿಸಿದರು. ನನ್ನ ಮೈತುಂಬ ಸೆರಗಿತ್ತು. ನನ್ನ ಮನಸ್ಸಿನಲ್ಲೇನಿದೆಯೆಂದು ಒಬ್ಬರೂ ಕೇಳಲಿಲ್ಲ. ಅದಕ್ಕಾಗಿ ಯಾರೂ ಕೆಂಪಾಗಲಿಲ್ಲ, ಏನನ್ನೂ ಟ್ರಂಕಿನಲ್ಲಿ ಬಚ್ಚಿಡಲಿಲ್ಲ.

ಇಷ್ಟು ಅನುಭವಿಸಿದವಳು, ಮುಂದೆ ಮಗನಿಗೆ ಕನ್ಯೆ ನೋಡಲು ಗೋಕಾಕಕ್ಕೆ ಹೋದಾಗ ನಾನೇನು ಮಾಡಿದೆ? “ಸ್ವಲ್ಪ ಈ ಕಡೆ ತಿರುಗು ತಂಗಿ” ಎಂದೆ. ಅವಳು ತಿರುಗಿದಳು. ಆ ಕ್ಷಣ ಅವಳ ಕಣ್ಣಲ್ಲಿ ಏನಿತ್ತೋ, ನಾನು ನೋಡಿದ್ದು ಬಣ್ಣವನ್ನು ಮಾತ್ರ.

ಆ ಪತ್ರಿಕೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ನೋಟದ ತಪ್ಪನ್ನು ಬಟ್ಟೆಯ ಅಳತೆಯಿಂದಷ್ಟೇ ತೂಗುವುದು ಸಾಲದೆಂದು ಈಗ ಅನ್ನಿಸುತ್ತದೆ. ಎದುರಿಗಿರುವವಳಿಗೂ ಹೇಳಲು ಒಂದು ಮಾತಿದ್ದೀತು ಎಂಬುದನ್ನು ಮರೆತ ನೋಟ, ಸೆರಗಿನ ಮೇಲೆ ಬಿದ್ದರೂ ಅದೇ ನೋಟ.

ಪತ್ರಿಕೆಯನ್ನು ಒಲೆಗೇ ಹಾಕಿದೆ. ತಮ್ಮ ಉಸಿರು ಬಿಟ್ಟ. “ನಿನ್ನ ಮೊಮ್ಮಗಳ ಸರದಿ ಬಂದಾಗ ಮೊದಲ ಆಕಿನ್ನ ಕೇಳಪಾ” ಎಂದೆ. ಅವನು ತಲೆಯೆತ್ತದೆ ಹೂಂಗುಟ್ಟಿದ. ಮಾತು ಅವನಿಗಷ್ಟೇ ಹೇಳಿದ್ದಾಗಿರಲಿಲ್ಲ.