ತಪ್ಪು ಒಂದು ಕಡೆ, ನಷ್ಟ ಇನ್ನೊಂದು ಕಡೆ

ರಸ್ತೆಯಲ್ಲಿ ಯಾರಿಗಾದರೂ ಗಾಡಿ ಬಡಿದರೆ ನೆರೆದವರೆಲ್ಲ ಮೊದಲು ಕೇಳುವುದು ತಪ್ಪು ಯಾರದೆಂದು. ನಮ್ಮ ಕಾನೂನೂ ಬಹುಕಾಲ ಅದನ್ನೇ ಕೇಳುತ್ತಿತ್ತು. ಚಾಲಕನ ನಿರ್ಲಕ್ಷ್ಯ ರುಜುವಾತಾಗದೆ ಮಾಲೀಕನಾಗಲಿ ವಿಮಾ ಕಂಪನಿಯಾಗಲಿ ಪರಿಹಾರ ಕೊಡಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. 1982ರಲ್ಲಿ ಸಂಸತ್ತು ಮೋಟಾರು ವಾಹನ ಕಾಯ್ದೆಯನ್ನು ತಿದ್ದಿ, ತಪ್ಪಿನ ಮಾತೆತ್ತದೆ ಸಾವಿಗೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಬೇಕೆಂದಿತು. ಮೊತ್ತ ಚಿಕ್ಕದು, ತತ್ತ್ವ ದೊಡ್ಡದು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸೆಕ್ಷನ್ 164ರಲ್ಲಿ ಆ ಮೊತ್ತ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಅದಕ್ಕಿಂತ ಹೆಚ್ಚು ಬೇಕಾದವರು ಸೆಕ್ಷನ್ 166ರಡಿ ನ್ಯಾಯಮಂಡಳಿಗೆ ಹೋಗಿ ನಿರ್ಲಕ್ಷ್ಯವನ್ನು ತೋರಿಸಬೇಕು.

ತಪ್ಪಿಗೂ ನಷ್ಟಕ್ಕೂ ಇರುವ ಈ ಗಂಟನ್ನು ಬಿಡಿಸುವುದೇ ಸರಿ ಎಂದು ನನ್ನ ವಾದ. ಜೈನ ದರ್ಶನ ಹಿಂಸೆಯನ್ನು ಅಳೆಯುವುದು ಸತ್ತ ಜೀವದಿಂದಲ್ಲ, ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ. ಎಚ್ಚರದಿಂದ ನಡೆಯುವ ಮುನಿಯ ಕಾಲಡಿ ಹುಳು ಸತ್ತರೂ ಅವನಿಗೆ ಹಿಂಸೆಯ ಕರ್ಮಬಂಧವಿಲ್ಲ, ಎಚ್ಚರಗೇಡಿಯಿಂದ ಯಾವ ಜೀವವೂ ಸಾಯದಿದ್ದರೂ ಅವನಿಗೆ ಬಂಧ ತಪ್ಪದು ಎನ್ನುತ್ತದೆ ಕುಂದಕುಂದರ ಪ್ರವಚನಸಾರ. ಈ ಅಳತೆಯಲ್ಲಿ, ಮೊಬೈಲ್ ನೋಡುತ್ತ ಕಾರು ಓಡಿಸಿ ಕ್ಷೇಮವಾಗಿ ಮನೆ ಸೇರಿದವನೂ, ಹಾಗೆಯೇ ಓಡಿಸಿ ಮಗುವೊಂದನ್ನು ಕೊಂದವನೂ ಒಂದೇ ತಪ್ಪಿನವರು. ಪಶ್ಚಿಮದಲ್ಲಿ ತತ್ತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗಲ್ 1970ರ ದಶಕದಲ್ಲಿ ‘ನೈತಿಕ ಅದೃಷ್ಟ’ವೆಂದು ಚರ್ಚಿಸಿದ್ದೂ ಇದೇ ತೊಡಕನ್ನು. ಅರೆಕ್ಷಣದ ಮೈಮರೆವು ಒಂದು ಸಂಸಾರವನ್ನು ಮುಳುಗಿಸಬಲ್ಲದು. ಮಹಾ ಪುಂಡಾಟ ಬರೀ ಬಂಪರಿನ ಗೀರಿನಲ್ಲಿ ಮುಗಿಯಬಲ್ಲದು. ಒಂದನ್ನು ಇನ್ನೊಂದರಿಂದ ಅಳೆಯುವುದು ಹೇಗೆ? ಮೇಲಾಗಿ, ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾದ ಮೇಲೆ ತಪ್ಪಿತಸ್ಥ ತನ್ನ ಜೇಬಿನಿಂದ ಕೊಡುವುದು ಅಪರೂಪ. ಎಲ್ಲರ ಪ್ರೀಮಿಯಂ ಕೊಡುತ್ತದೆ. ಅಂದಮೇಲೆ ನ್ಯಾಯಮಂಡಳಿಯಲ್ಲಿ ತಪ್ಪಿನ ವಿಚಾರಣೆ ಚಾಲಕನನ್ನು ತಿದ್ದುವುದಕ್ಕಿಂತ ಹೆಚ್ಚಾಗಿ ನೊಂದವನನ್ನು ಬಾಗಿಲಲ್ಲಿ ತಡೆಯುತ್ತದೆ.

ತಪ್ಪು ಕೇಳದೆ ಹಣ ಕೊಟ್ಟರೆ ಜನ ಇನ್ನಷ್ಟು ಅಡ್ಡಾದಿಡ್ಡಿ ಓಡಿಸುತ್ತಾರೆ ಎಂಬ ಆಕ್ಷೇಪ ಸುಲಭದ್ದು. ದಂಡ, ಲೈಸೆನ್ಸ್ ರದ್ದತಿ, ಜೈಲು ಎಲ್ಲಿಗೂ ಹೋಗುವುದಿಲ್ಲ. 1974ರಿಂದ ಗಾಯಕ್ಕೆ ನಷ್ಟಭರ್ತಿ ದಾವೆಯನ್ನೇ ಬಹುಮಟ್ಟಿಗೆ ಕೈಬಿಟ್ಟಿರುವ ನ್ಯೂಜಿಲೆಂಡಿನಲ್ಲಿಯೂ ಪುಂಡ ಚಾಲಕನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯುತ್ತದೆ. ಖರ್ಚಿನ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಅಮೆರಿಕದ ಮಿಷಿಗನ್ ರಾಜ್ಯ 1973ರಿಂದ ತಪ್ಪು ಕೇಳದೆ ಮಿತಿಯೇ ಇಲ್ಲದ ಚಿಕಿತ್ಸಾ ವೆಚ್ಚ ಕೊಡಿಸಿ, ಪ್ರೀಮಿಯಂ ಭಾರ ತಾಳಲಾರದೆ, 2019ರಲ್ಲಿ ಕಾನೂನು ತಿದ್ದಿ ಕಡಿಮೆ ಮಿತಿಯ ಆಯ್ಕೆ ಇಟ್ಟಿತು. ಆದರೆ ಎಷ್ಟು ಹಂಚಿಕೊಳ್ಳಬೇಕೆಂಬುದು ಲೆಕ್ಕದ ಜಗಳ. ಹಂಚಿಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ. ನಿಜಕ್ಕೂ ಕಾಡುವ ಆಕ್ಷೇಪ ಬೇರೆ. ಮಗನನ್ನು ಕಳೆದುಕೊಂಡ ತಾಯಿಗೆ ಚೆಕ್ಕು ಸಾಲದು, ಇಂಥವನಿಂದ ಅನ್ಯಾಯವಾಯಿತೆಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು. ಒಪ್ಪುತ್ತೇನೆ. ಆದರೆ ಆ ಮಾತನ್ನು ಹೇಳಬೇಕಾದದ್ದು ಕ್ರಿಮಿನಲ್ ನ್ಯಾಯಾಲಯ. ಪರಿಹಾರದ ದಾವೆಯಲ್ಲಿ ಅವಳ ಎದುರು ನಿಲ್ಲುವುದು ವಿಮಾ ಕಂಪನಿಯ ವಕೀಲರು, ಅವರು ಹುಡುಕುವುದು ಸತ್ತವನದೇ ತಪ್ಪನ್ನು.

ಹಾಗೆಂದು ಈಗಿನ ಸೆಕ್ಷನ್ 164ನ್ನು ನಾನು ಹೊಗಳಲಾರೆ. ಅದಕ್ಕೆ ಮೊದಲಿದ್ದ ಸೆಕ್ಷನ್ 140ರಲ್ಲಿ, ಮೊತ್ತ ಏರಿದ ಮೇಲೂ, ಸಾವಿಗೆ ಸಿಗುತ್ತಿದ್ದದ್ದು 50,000 ರೂಪಾಯಿಯಷ್ಟೇ, ನಿಜ. ಆದರೆ ಅದನ್ನು ಪಡೆದ ಮೇಲೂ ದಾವೆ ಮುಂದುವರಿಯುತ್ತಿತ್ತು, ಕೊನೆಯ ಮೊತ್ತದಲ್ಲಿ ಅಷ್ಟನ್ನು ಕಳೆಯುತ್ತಿದ್ದರು. ಈಗ ಸೆಕ್ಷನ್ 164ರ ಹಣವನ್ನು ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ನಾಳೆಯ ಅಕ್ಕಿಗೆ ದಾರಿಯಿಲ್ಲದ ಮನೆಯವರು 5 ಲಕ್ಷಕ್ಕೆ ಸಹಿ ಹಾಕುತ್ತಾರೆ. ಕಾಯುವ ಶಕ್ತಿಯುಳ್ಳವರು ವಕೀಲರನ್ನಿಟ್ಟು ಅದರ ಹಲವು ಪಟ್ಟು ಕೇಳುತ್ತಾರೆ.